ಕೋವಿಯ ಕಾನೂನು, ಕಾಶಿಯ ಓದು

ಬಂದೂಕಿನ ನಳಿಗೆಯ ತುದಿಗೆ ಸಿಕ್ಕಿಸುವ ಸೈಲೆನ್ಸರ್ ಒಂದು ಸಣ್ಣ ಲೋಹದ ಕೊಳವೆ. ಅದಕ್ಕೆ ಟ್ರಿಗರ್ ಇಲ್ಲ, ಅದರೊಳಗೆ ಮದ್ದು ತುಂಬುವುದಿಲ್ಲ, ತಾನಾಗಿ ಅದು ಒಂದು ಗುಂಡನ್ನೂ ಹಾರಿಸಲಾರದು. ಆದರೂ ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೆಕ್ಕದಲ್ಲಿ ಅದು ಬಂದೂಕೇ. ಕಾಯ್ದೆಯ ಎರಡನೆಯ ಸೆಕ್ಷನ್ನು ಬಂದೂಕು ಎಂದರೆ ಏನೇನು ಎಂದು ಪಟ್ಟಿ ಮಾಡುವಾಗ, ಗುಂಡು ಹಾರುವ ಸದ್ದನ್ನೋ ಬೆಳಕನ್ನೋ ತಗ್ಗಿಸಲೆಂದು ರಚಿಸಿದ ಅಥವಾ ಮಾರ್ಪಡಿಸಿದ ಸಾಧನವನ್ನೂ ಅದರೊಳಗೆ ಸೇರಿಸಿದೆ. 1962ರ ನಿಯಮಗಳ ಮೊದಲ ಅನುಸೂಚಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅದನ್ನು ಮೊದಲ ವರ್ಗಕ್ಕೆ, ಅಂದರೆ ನಿಷೇಧಿತ ಶಸ್ತ್ರಗಳ ಸಾಲಿಗೆ ತಂದು ಕೂರಿಸಿತು.

ಅಮೆರಿಕದಲ್ಲಿ ಇಂಥದೇ ಇನ್ನೊಂದು ಬಿಡಿಭಾಗದ ಕತೆ ಬೇರೆ ದಾರಿ ಹಿಡಿಯಿತು. ಅರೆ-ಸ್ವಯಂಚಾಲಿತ ರೈಫಲಿನ ಹಿಂಬದಿಗೆ ಜೋಡಿಸುವ ‘ಬಂಪ್ ಸ್ಟಾಕ್’, ಬಂದೂಕಿನ ಹಿನ್ನೊದೆತವನ್ನೇ ಬಳಸಿಕೊಂಡು ಬಂದೂಕನ್ನು ಹಿಂದಕ್ಕೂ ಮುಂದಕ್ಕೂ ಜಾರಿಸುತ್ತದೆ. ಅಲುಗದೆ ನಿಂತ ಬೆರಳಿಗೆ ಟ್ರಿಗರು ತಾನೇ ಬಂದು ಬಂದು ಬಡಿಯುತ್ತದೆ. 2017ರ ಅಕ್ಟೋಬರ್ 1ರಂದು ಲಾಸ್ ವೇಗಸ್ ನಗರದ ಸಂಗೀತ ಉತ್ಸವದ ಮೇಲೆ ನಡೆದ ದಾಳಿಯಲ್ಲಿ ಈ ಸಾಧನ ಬಳಕೆಯಾಯಿತು. ಒಟ್ಟು 60 ಜೀವಗಳು ಹೋದವು. ಮರುವರ್ಷ ಅಲ್ಲಿನ ಸರ್ಕಾರಿ ಸಂಸ್ಥೆ ಬಂಪ್ ಸ್ಟಾಕ್ ಹಾಕಿದ ರೈಫಲನ್ನು ‘ಮೆಷಿನ್ ಗನ್’ ಎಂದೇ ಎಣಿಸಿ ನಿಷೇಧಿಸಿತು. ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು. 2024ರ ಜೂನ್ 14ರಂದು ‘ಗಾರ್ಲಂಡ್ ವಿರುದ್ಧ ಕಾರ್ಗಿಲ್’ ತೀರ್ಪಿನಲ್ಲಿ ಆರು ನ್ಯಾಯಮೂರ್ತಿಗಳು ನಿಷೇಧ ನಿಲ್ಲದು ಎಂದರು, ಮೂವರು ನಿಲ್ಲುತ್ತದೆ ಎಂದರು.

ಅಮೆರಿಕನ್ನರ ಶಸ್ತ್ರದ ಹಕ್ಕು ಜಗತ್ತಿಗೇ ಗೊತ್ತು. ಆದರೆ ಈ ತೀರ್ಪಿನಲ್ಲಿ ಆ ಹಕ್ಕಿನ ಪ್ರಶ್ನೆ ಏಳಲೇ ಇಲ್ಲ. ಟ್ರಿಗರಿನ ಒಂದೇ ಕಾರ್ಯದಿಂದ ತಾನೇ ತಾನಾಗಿ ಹಲವು ಗುಂಡು ಹಾರಿಸುವಂಥದ್ದು ಮೆಷಿನ್ ಗನ್ ಎಂದು ಹೇಳುವ ಹಳೆಯ ಶಾಸನದ ಒಂದು ವಾಕ್ಯವನ್ನು ಹೇಗೆ ಓದಬೇಕು ಎಂಬುದೇ ಒಂಬತ್ತು ಮಂದಿಯ ಮುಂದಿದ್ದ ಪ್ರಶ್ನೆ. ನಿಷೇಧವನ್ನು ಪ್ರಶ್ನಿಸುವ ಹಲವು ದಾವೆಗಳು ಹೀಗೇ. ಹೊರಗಿನವರಿಗೆ ಕಾಣುವುದು ಬಂದೂಕು ಪರವೋ ವಿರೋಧವೋ ಎಂಬ ಗದ್ದಲ. ಒಳಗೆ ನಡೆಯುವುದು ಓದಿನ ಕುಸುರಿ ಕೆಲಸ. ಈ ಕುಸುರಿಗೆ ನಮ್ಮಲ್ಲೂ ಒಂದು ಹಳೆಯ ಕಮ್ಮಟವಿದೆ. ಅದು ಕಾಶಿ.

ಕಲ್ಯಾಣದಿಂದ ಕಾಶಿಗೆ

ವಾಕ್ಯವನ್ನು ಓದುವ ಶಾಸ್ತ್ರಕ್ಕೆ ಮೀಮಾಂಸೆ ಎಂದು ಹೆಸರು. ಜೈಮಿನಿಯ ಸೂತ್ರ, ಶಬರನ ಭಾಷ್ಯ, ಕುಮಾರಿಲ ಮತ್ತು ಪ್ರಭಾಕರರ ಎರಡು ಪರಂಪರೆಗಳು ಇದರ ತಳಹದಿ. ಯಜ್ಞದ ವಿಧಿವಾಕ್ಯಗಳನ್ನು ಗೊಂದಲವಿಲ್ಲದೆ ಅರ್ಥಮಾಡಿಕೊಳ್ಳಲು ಹುಟ್ಟಿದ ಈ ಉಪಾಯಗಳನ್ನು ಧರ್ಮಶಾಸ್ತ್ರಕಾರರು ಆಸ್ತಿ, ದತ್ತು, ಸಾಲದ ವ್ಯಾಜ್ಯಗಳಿಗೆ ಹೊರಳಿಸಿಕೊಂಡರು. ಹಾಗೆ ಮಾಡಿದವರಲ್ಲಿ ಅಗ್ರಗಣ್ಯ ನಮ್ಮವನೇ ಆದ ವಿಜ್ಞಾನೇಶ್ವರ. ಕಲಬುರಗಿ ಸೀಮೆಯ ಮರ್ತೂರಿನವನೆಂದು ಹೆಸರಾದ ಆತ, ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದು, ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದ. ಬಂಗಾಳವನ್ನು ಬಿಟ್ಟರೆ ದೇಶದ ಬಹುಭಾಗ ಆ ಗ್ರಂಥವನ್ನು ಒಪ್ಪಿಕೊಂಡಿತು. ಕಂಪನಿ ಸರ್ಕಾರದ ಕಾಲದಲ್ಲಿ ಕೋಲ್‌ಬ್ರೂಕ್ ಅದರ ದಾಯವಿಭಾಗದ ಪ್ರಕರಣವನ್ನು 1810ರಲ್ಲಿ ಇಂಗ್ಲಿಷಿಗೆ ತಂದ. ಮಿತಾಕ್ಷರಾ ಕಾನೂನಿನ ಒಂದು ಮುಖ್ಯ ಶಾಖೆಗೆ ನ್ಯಾಯಾಲಯಗಳು ಬಳಸಿದ ಹೆಸರು ‘ಬನಾರಸ್ ಶಾಖೆ’. ಕಲ್ಯಾಣದಲ್ಲಿ ಬರೆದದ್ದು ಕಾಶಿಯಲ್ಲಿ ಬೇರು ಬಿಟ್ಟಿತ್ತು.

ಬೇರು ಬಿಡಲು ಅಲ್ಲಿ ನೆಲ ಹದವಾಗಿತ್ತು. ನಿರ್ಣಯಸಿಂಧುವನ್ನು 1612ರಲ್ಲಿ ಬರೆದ ಕಮಲಾಕರ ಭಟ್ಟ, ಶಿವಾಜಿಗೆ 1674ರಲ್ಲಿ ಪಟ್ಟಾಭಿಷೇಕ ಮಾಡಿದ ಗಾಗಾ ಭಟ್ಟ, ಭಾಟ್ಟದೀಪಿಕೆಯ ಕರ್ತೃ ಖಂಡದೇವ ಎಲ್ಲರೂ ಕಾಶಿಯ ಮೀಮಾಂಸಕರು. 1791ರಲ್ಲಿ ರೆಸಿಡೆಂಟ್ ಜೊನಾಥನ್ ಡಂಕನ್ ಅಲ್ಲಿ ಸಂಸ್ಕೃತ ಪಾಠಶಾಲೆ ತೆರೆದಾಗ ಅವನಿಗಿದ್ದ ಒಂದು ಉದ್ದೇಶ, ಬ್ರಿಟಿಷ್ ನ್ಯಾಯಾಧೀಶರಿಗೆ ಹಿಂದೂ ಕಾನೂನು ತಿಳಿಸಿಕೊಡಬಲ್ಲ ಪಂಡಿತರನ್ನು ತಯಾರು ಮಾಡುವುದು. ಇಂದಿನ ಸಂಪೂರ್ಣಾನಂದ ಸಂಸ್ಕೃತ ವಿಶ್ವವಿದ್ಯಾಲಯದ ಮೂಲ ಆ ಪಾಠಶಾಲೆ. ನಾಗರಪಂಚಮಿಯ ದಿನ ಕಾಶಿಯ ನಾಗಕೂಪದ ಬಳಿ ಶಾಸ್ತ್ರಾರ್ಥ ನಡೆಯುವ ವಾಡಿಕೆ ಈಗಲೂ ಇದೆ. ಶೃಂಗೇರಿಯ ವಾಕ್ಯಾರ್ಥ ಸಭೆಯನ್ನು ಕಂಡ ಕನ್ನಡಿಗರಿಗೆ ಅದರ ಧಾಟಿ ಹೊಸದೆನಿಸದು.

ಈ ಕಸುಬಿನ ಮೊದಲ ಪಾಠ ಪ್ರಕರಣವನ್ನು ಕಟ್ಟುವ ರೀತಿ. ಮೀಮಾಂಸೆಯ ಒಂದೊಂದು ಚರ್ಚೆಗೂ ‘ಅಧಿಕರಣ’ ಎಂದು ಹೆಸರು. ಅದಕ್ಕೆ ಐದು ಅಂಗ. ಯಾವ ವಾಕ್ಯದ ಮೇಲೆ ಚರ್ಚೆ ಎಂಬುದು ವಿಷಯ. ಎರಡು ಅರ್ಥಗಳ ನಡುವೆ ತೂಗಾಡುವುದು ಸಂಶಯ. ಎದುರಾಳಿಯ ಮಾತು ಪೂರ್ವಪಕ್ಷ. ತೀರ್ಮಾನ ಸಿದ್ಧಾಂತ. ಹಿಂದು ಮುಂದಿನ ಚರ್ಚೆಗಳೊಂದಿಗೆ ಇದರ ಹೊಂದಾಣಿಕೆ ಸಂಗತಿ. ಇವತ್ತಿನ ಯಾವುದೇ ಹೈಕೋರ್ಟ್ ತೀರ್ಪನ್ನು ತೆರೆದು ನೋಡಿ: ಪ್ರಶ್ನಿತ ಕಲಮು, ಎದ್ದ ಪ್ರಶ್ನೆ, ಅರ್ಜಿದಾರರ ವಾದ, ಪೀಠದ ನಿರ್ಣಯ, ಹಿಂದಿನ ತೀರ್ಪುಗಳೊಂದಿಗೆ ತಾಳೆ. ಅಂಗಗಳು ಅವೇ.

ಐದರಲ್ಲಿ ಪಳಗಿದ ಕೈ ತೋರುವುದು ಪೂರ್ವಪಕ್ಷದಲ್ಲಿ. ಎದುರಾಳಿಯ ಮಾತನ್ನು ಸೊರಗಿಸಿ ಹೇಳಿ ಸುಲಭವಾಗಿ ಕೆಡವಿದರೆ ಕಾಶಿಯ ಸಭೆಯಲ್ಲಿ ಮರ್ಯಾದೆ ಸಿಗುತ್ತಿರಲಿಲ್ಲ. ಎದುರಾಳಿಗೇ ಹೊಳೆಯದ ಆಧಾರವನ್ನು ತಾನೇ ಹುಡುಕಿಕೊಟ್ಟು, ಅವನ ಪಕ್ಷವನ್ನು ಗಟ್ಟಿಯಾಗಿ ನಿಲ್ಲಿಸಿ, ಆಮೇಲೆ ಉತ್ತರಕ್ಕೆ ಕೈ ಹಾಕಬೇಕು. ಅನೇಕ ಅಧಿಕರಣಗಳಲ್ಲಿ ಪೂರ್ವಪಕ್ಷವನ್ನು ಓದುತ್ತಾ ಹೋದರೆ ಇದೇ ಸರಿ ಅನ್ನಿಸಿಬಿಡುತ್ತದೆ. ಹಾಗನ್ನಿಸುವಂತೆ ಬರೆಯುವುದೇ ವಿದ್ಯೆ.

ಕಾಗೆ ಮತ್ತು ಮೊರ

ಎರಡನೆಯ ಪಾಠ, ನಿಯಮದ ಉದ್ದೇಶ ಆ ನಿಯಮವನ್ನು ಎಷ್ಟು ದೂರ ಹಿಗ್ಗಿಸಬಹುದು ಎಂಬುದು. ಇದಕ್ಕೆ ಸಂಪ್ರದಾಯದಲ್ಲಿ ಎರಡು ದೃಷ್ಟಾಂತಗಳಿವೆ. ಒಂದಕ್ಕೊಂದು ಎದುರು ಬದುರು.

ಮೊದಲನೆಯದು ಕಾಗೆಯದು. ಮನೆಯ ಹಿರಿಯರು ಮಗುವಿಗೆ ‘ಕಾಗೆ ಬಾರದಂತೆ ಮೊಸರು ನೋಡಿಕೋ’ ಎಂದು ಹೇಳಿ ಹೋಗುತ್ತಾರೆ. ನಾಯಿ ಬಂದು ಮೊಸರಿಗೆ ಬಾಯಿ ಹಾಕಿದರೆ, ಹಿರಿಯರು ಹೇಳಿದ್ದು ಕಾಗೆ ಮಾತ್ರ ಎಂದು ಮಗು ಸುಮ್ಮನೆ ಕೂರಬಹುದೇ? ಕೂರಬಾರದು. ಕಾಗೆ ಅಲ್ಲಿ ಮೊಸರು ಕೆಡಿಸುವ ಎಲ್ಲಕ್ಕೂ ಸೂಚಕ.

ಎರಡನೆಯದು ಮೊರದ್ದು. ಮೊರದಿಂದ ಹೋಮ ಮಾಡಬೇಕು, ಅದರಿಂದ ಅನ್ನವಾಗುತ್ತದಲ್ಲ, ಎಂಬ ಅರ್ಥದ ವೈದಿಕ ವಾಕ್ಯವೊಂದಿದೆ. ಪೂರ್ವಪಕ್ಷಿ ಹೇಳುತ್ತಾನೆ: ಅನ್ನವಾಗುವುದೇ ಕಾರಣ ಎಂದಾದರೆ ಪಾತ್ರೆಯಿಂದಲೂ ಸೌಟಿನಿಂದಲೂ ಅನ್ನವಾಗುತ್ತದೆ, ಅವುಗಳಿಂದಲೂ ಹೋಮ ಮಾಡಬಹುದು. ಸಿದ್ಧಾಂತಿ ಒಪ್ಪುವುದಿಲ್ಲ. ವಿಧಿ ಇರುವುದು ಮೊರಕ್ಕೆ. ‘ಅನ್ನವಾಗುತ್ತದೆ’ ಎಂಬ ಮಾತು ಮೊರದ ಪ್ರಶಂಸೆ. ಆ ಪ್ರಶಂಸೆಯನ್ನು ಹಿಡಿದು ಸೌಟನ್ನು ಒಳಗೆ ತರುವಂತಿಲ್ಲ.

ಕಾರ್ಗಿಲ್ ತೀರ್ಪಿನ ಎರಡು ಪಾಳಯಗಳನ್ನು ಈ ಎರಡು ದೃಷ್ಟಾಂತಗಳಿಗಿಂತ ಚೆನ್ನಾಗಿ ವಿವರಿಸುವುದು ಕಷ್ಟ. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಥಾಮಸ್ ಅವರದು ಮೊರದ ಓದು: ಬಂಪ್ ಸ್ಟಾಕ್ ಇದ್ದರೂ ಒಂದೊಂದು ಗುಂಡಿಗೂ ಟ್ರಿಗರು ಬೇರೆ ಬೇರೆಯಾಗಿ ಕೆಲಸ ಮಾಡುತ್ತದೆ, ಜೊತೆಗೆ ಇನ್ನೊಂದು ಕೈ ಬಂದೂಕನ್ನು ಮುಂದಕ್ಕೆ ಒತ್ತಿ ಹಿಡಿದಿರಲೇಬೇಕು, ಆದ್ದರಿಂದ ಶಾಸನದ ವ್ಯಾಖ್ಯೆ ಇದಕ್ಕೆ ಹತ್ತದು. ಭಿನ್ನಮತ ಬರೆದ ಸೋಟೊಮೇಯರ್ ಅವರದು ಕಾಗೆಯ ಓದು: ಶಾಸನ ತಡೆಯಲು ಹೊರಟದ್ದು ಬೆರಳಿನ ಒಂದೇ ಎಳೆತಕ್ಕೆ ಸುರಿಯುವ ಗುಂಡಿನ ಮಳೆಯನ್ನು, ಇಲ್ಲೂ ಸುರಿಯುತ್ತಿರುವುದು ಅದೇ. ಯಾವ ಓದಿನಲ್ಲೂ ಅಡ್ಡದಾರಿಯಿಲ್ಲ. ಯಾವ ದೃಷ್ಟಾಂತ ಎಲ್ಲಿಗೆ ಹೊಂದುತ್ತದೆ ಎಂದು ಆರಿಸುವಲ್ಲಿ ಕಸುಬುದಾರನ ಪರೀಕ್ಷೆ. ಶಿಕ್ಷೆ ವಿಧಿಸುವ ಕಾನೂನಾದರೆ ಮೊರದ ಓದಿಗೆ ಬಲ ಹೆಚ್ಚು. ಜೈಲಿಗೆ ಹೋಗಬೇಕಾದವನಿಗೆ ತಾನು ಮಾಡಬಾರದ್ದು ಏನೆಂದು ಮೊದಲೇ ಸ್ಪಷ್ಟವಾಗಿ ತಿಳಿದಿರಬೇಕು. ಸಹಮತದ ಟಿಪ್ಪಣಿ ಬರೆದ ಅಲಿಟೊ, ಕಾಂಗ್ರೆಸ್ ಬೇಕಾದರೆ ಕಾನೂನನ್ನು ತಿದ್ದಬಹುದು ಎಂದು ನೆನಪಿಸಿದರು. ಓದುಗನ ಕೆಲಸ ಎಲ್ಲಿಗೆ ಮುಗಿಯಿತು, ಶಾಸನಕಾರನ ಕೆಲಸ ಎಲ್ಲಿಂದ ಶುರು ಎಂದು ಗೆರೆ ಎಳೆಯುವುದೂ ಕಸುಬಿನ ಭಾಗವೇ.

ಇದಕ್ಕೆಲ್ಲ ವಸ್ತುಜ್ಞಾನ ಬೇಕು. ಯಜ್ಞದ ಜುಹು ಯಾವ ಮರದ್ದು, ಸ್ರುವ ಯಾವ ಮರದ್ದು ಎಂಬುದನ್ನು ತಿಳಿಯದವನು ಮೀಮಾಂಸೆಯ ಪುಟ ತಿರುವಲಾರ. ಥಾಮಸ್ ಅವರ ತೀರ್ಪಿನ ಒಳಗೆ ಟ್ರಿಗರಿನ ಭಾಗಗಳ ಚಿತ್ರಗಳೇ ಇವೆ. 2025ರ ಮಾರ್ಚಿನಲ್ಲಿ ಅಮೆರಿಕದ ಒಂಬತ್ತನೆಯ ಸರ್ಕ್ಯೂಟ್ ನ್ಯಾಯಾಲಯ, ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜೀನುಗಳ ಮೇಲಿನ ಕ್ಯಾಲಿಫೋರ್ನಿಯಾದ ನಿಷೇಧವನ್ನು ಎತ್ತಿಹಿಡಿದಾಗ, ಒಪ್ಪದ ನ್ಯಾಯಾಧೀಶರೊಬ್ಬರು ತಮ್ಮ ಕೊಠಡಿಯಲ್ಲೇ ಪಿಸ್ತೂಲುಗಳನ್ನು ಬಿಚ್ಚಿ ತೋರಿಸುವ ವೀಡಿಯೊವನ್ನು ಭಿನ್ನಮತದ ಜೊತೆಗೆ ಸೇರಿಸಿದರು. ಯಾವುದು ಶಸ್ತ್ರ, ಯಾವುದು ಬರಿಯ ಬಿಡಿಭಾಗ ಎಂಬ ಗೆರೆ ಮೇಜಿನ ಮೇಲೆ ಬಿಚ್ಚಿಟ್ಟಾಗ ಮಸುಕಾಗುತ್ತದೆ ಎಂಬುದು ಅವರ ವಾದ.

ಹೇಳಿದ್ದು, ಹೊಳೆದದ್ದು

ಮೂರನೆಯ ಪಾಠ ಬಲಾಬಲದ್ದು. ವಾಕ್ಯದ ಅರ್ಥ ನಿರ್ಣಯಿಸಲು ಆರು ಆಧಾರಗಳಿವೆ: ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ. ಎರಡು ಆಧಾರಗಳು ಡಿಕ್ಕಿಯಾದರೆ ಮೊದಲು ಬರುವುದೇ ಬಲಶಾಲಿ. ಶ್ರುತಿ ಎಂದರೆ ನೇರವಾಗಿ ಹೇಳಿದ್ದು. ಲಿಂಗ ಎಂದರೆ ಪದದ ಸಾಮರ್ಥ್ಯದಿಂದ ಹೊಳೆಯುವುದು. ಶಾಸ್ತ್ರ ಕೊಡುವ ಉದಾಹರಣೆ ಸ್ವಾರಸ್ಯವಾಗಿದೆ. ಇಂದ್ರನನ್ನು ಹೊಗಳುವ ಮಂತ್ರವೊಂದರಿಂದ ಗಾರ್ಹಪತ್ಯ ಅಗ್ನಿಯನ್ನು ಉಪಾಸಿಸಬೇಕೆಂಬ ವಿಧಿ ಇದೆ. ಮಂತ್ರವನ್ನು ನೋಡಿದರೆ ಅದು ಇಂದ್ರನಿಗೇ ಸಲ್ಲಬೇಕು. ಆದರೆ ವಿಧಿ ಅಗ್ನಿಯ ಹೆಸರನ್ನು ಬಾಯಿಬಿಟ್ಟು ಹೇಳಿದೆ. ಹೇಳಿದ್ದು ಗೆಲ್ಲುತ್ತದೆ, ಹೊಳೆದದ್ದು ಸೋಲುತ್ತದೆ.

ಈಗ ಆರಂಭದ ಕೊಳವೆಯನ್ನು ಈ ಒರೆಗೆ ಹಚ್ಚೋಣ. ಸೈಲೆನ್ಸರ್ ಇಟ್ಟುಕೊಂಡ ಆರೋಪಿಯೊಬ್ಬನ ಪರವಾಗಿ ವಕೀಲರು, ಗುಂಡು ಹಾರಿಸಲಾರದ ವಸ್ತು ಬಂದೂಕು ಹೇಗಾದೀತು ಎಂದು ಕೇಳಿದರೆ, ಲೋಕಾನುಭವ ಅವರ ಕಡೆಗಿದೆ. ಆದರೆ ನಮ್ಮ ಕಾಯ್ದೆ ಅದನ್ನು ವ್ಯಾಖ್ಯೆಯಲ್ಲೇ ನೇರವಾಗಿ ಹೇಳಿಬಿಟ್ಟಿರುವುದರಿಂದ ಆ ವಾದ ಅಲ್ಲಿಗೇ ನಿಲ್ಲುತ್ತದೆ. ಬಂಪ್ ಸ್ಟಾಕಿನ ಪಾಡು ಅಮೆರಿಕದಲ್ಲಿ ಬೇರೆಯಾದದ್ದು ಇದೇ ಕಾರಣಕ್ಕೆ: ಅಲ್ಲಿನ ಶಾಸನ ಅದನ್ನು ಹೆಸರಿಸಿರಲಿಲ್ಲ, ಸಂಸ್ಥೆ ವ್ಯಾಖ್ಯೆಯಿಂದ ಹೊಳೆಯಿಸಿತ್ತು. ಹಾಗೆಂದು ಇಲ್ಲಿ ವಾದಕ್ಕೆ ಜಾಗವೇ ಇಲ್ಲ ಎಂದಲ್ಲ. ‘ರಚಿಸಿದ ಅಥವಾ ಮಾರ್ಪಡಿಸಿದ’ ಎಂಬ ಮಾತು ಉಳಿದಿದೆ. ಬೇರೆ ಕೆಲಸಕ್ಕೆ ಮಾಡಿದ ಕೊಳವೆ ಅಕಸ್ಮಾತ್ತಾಗಿ ಸದ್ದು ತಗ್ಗಿಸಿದರೆ? ಅದೇ ಕಾಯ್ದೆ ಮನೆಗೆಲಸಕ್ಕೆ, ಬೇಸಾಯಕ್ಕೆ ಮಾತ್ರ ಮಾಡಿದ ವಸ್ತುಗಳನ್ನೂ ಲಾಠಿ, ಊರುಗೋಲುಗಳನ್ನೂ ಶಸ್ತ್ರದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಒಳ್ಳೆಯ ವಕೀಲ ತನ್ನ ಶ್ರಮವನ್ನು ಖರ್ಚು ಮಾಡುವುದು ಇಂಥ ಕಿಂಡಿಯ ಮುಂದೆ, ಮುಚ್ಚಿದ ಬಾಗಿಲಿನ ಮುಂದಲ್ಲ.

ಇಂದಿನ ವಾರಾಣಸಿಯ ದೈನಂದಿನ ವ್ಯವಹಾರದಲ್ಲೂ ಹೇಳಿದ್ದಕ್ಕೂ ಹೊಳೆದದ್ದಕ್ಕೂ ನಡುವಿನ ಈ ತಿಕ್ಕಾಟ ಕಾಣುತ್ತದೆ. ಬಂದೂಕಿನ ಲೈಸೆನ್ಸ್ ರದ್ದಾದರೆ ವಿಭಾಗೀಯ ಆಯುಕ್ತರಿಗೆ ಮೇಲ್ಮನವಿ. ಅಲ್ಲೂ ಸೋತರೆ ಪ್ರಯಾಗರಾಜಿನ ಅಲಹಾಬಾದ್ ಹೈಕೋರ್ಟಿಗೆ ರಿಟ್ ಅರ್ಜಿ. ಲೈಸೆನ್ಸುದಾರನ ಮೇಲೆ ಕ್ರಿಮಿನಲ್ ಕೇಸು ಬಾಕಿ ಇದೆ ಎಂಬ ಒಂದೇ ಕಾರಣಕ್ಕೆ ರದ್ದು ಮಾಡಿದ ಆದೇಶಗಳನ್ನು ಆ ಹೈಕೋರ್ಟು ದಶಕಗಳಿಂದ ತಳ್ಳಿಹಾಕುತ್ತ ಬಂದಿದೆ. ಹದಿನೇಳನೆಯ ಸೆಕ್ಷನ್ನು ಸಾರ್ವಜನಿಕ ಶಾಂತಿ, ಸುರಕ್ಷತೆ ಎನ್ನುತ್ತದೆ; ಆ ಶಾಂತಿಗೆ ಧಕ್ಕೆ ಹೇಗೆ ಎಂದು ಆದೇಶ ತೋರಿಸಬೇಕು. ಆದರೆ ಅದೇ ಹೈಕೋರ್ಟಿನ ಪೂರ್ಣಪೀಠ 1985ರಲ್ಲಿ, ಲೈಸೆನ್ಸ್ ಎಂಬುದು ಸವಲತ್ತೇ ಹೊರತು ಹಕ್ಕಲ್ಲ ಎಂದೂ ಹೇಳಿತ್ತು. 1993ರಲ್ಲಿ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಇದಕ್ಕೆ ಎದುರಾಗಿ, ನಿಷೇಧಿತವಲ್ಲದ ಶಸ್ತ್ರ ಹೊಂದುವುದು ಸಂವಿಧಾನದ 21ನೆಯ ವಿಧಿಯೊಳಗೆ ಬರುವ ಹಕ್ಕು ಎಂದು ಓದಿದರು. ಇಂಗ್ಲಿಷ್ ನಿಯಮಗಳ ಪಕ್ಕದಲ್ಲಿ ಜೈಮಿನಿಯ ನ್ಯಾಯಗಳನ್ನು ತಮ್ಮ ತೀರ್ಪುಗಳಲ್ಲಿ ಬಳಸಿ, ಮೀಮಾಂಸೆಯನ್ನು ಮತ್ತೆ ಕೋರ್ಟಿನ ಮಾತಾಗಿಸಿದವರೂ ಅವರೇ. ಆದರೆ ಬಂದೂಕಿನ ಕುರಿತ ಅವರ ಆ ಓದು ನಿಲ್ಲಲಿಲ್ಲ. 2023ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶದ ಪರವಾನಗಿಯಿಲ್ಲದ ಬಂದೂಕುಗಳ ಹಾವಳಿಯನ್ನು ತಾನಾಗಿಯೇ ಕೈಗೆತ್ತಿಕೊಂಡ ಸುಪ್ರೀಂ ಕೋರ್ಟಿನ ಪೀಠ, ಅಮೆರಿಕದಲ್ಲಿರುವಂಥ ಹಕ್ಕು ನಮ್ಮ ಸಂವಿಧಾನದಲ್ಲಿಲ್ಲ ಎಂದಿತು. ಪೀಠದಲ್ಲಿ ಕೆ.ಎಂ. ಜೋಸೆಫ್ ಅವರೊಂದಿಗೆ ಇದ್ದವರು ನಮ್ಮ ಬಿ.ವಿ. ನಾಗರತ್ನ.

ಹೊಗಳಿಕೆಯನ್ನು ಬೇರ್ಪಡಿಸುವುದು

ನಾಲ್ಕನೆಯ ಪಾಠ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು: ವಿಧಿಯಿಂದ ಅರ್ಥವಾದವನ್ನು, ಅಂದರೆ ಆಜ್ಞೆಯಿಂದ ಅದರ ಸುತ್ತಲಿನ ಹೊಗಳಿಕೆ ತೆಗಳಿಕೆಯನ್ನು ಬಿಡಿಸುವುದು. ಇದರ ಫಲವನ್ನು ಬನಾರಸ್ ಶಾಖೆಯ ಸೀಮೆಯೇ ಉಂಡಿದೆ. ಒಬ್ಬನೇ ಮಗನನ್ನು ದತ್ತು ಕೊಡಬಾರದು, ತೆಗೆದುಕೊಳ್ಳಬಾರದು, ಏಕೆಂದರೆ ಅವನು ವಂಶ ಮುಂದುವರಿಸಬೇಕಾದವನು ಎಂಬುದು ವಸಿಷ್ಠರ ಮಾತಿನ ತಾತ್ಪರ್ಯ. ಇದು ಕಟ್ಟುನಿಟ್ಟಿನ ನಿಷೇಧವೇ, ಹಿತವಚನವೇ? 1892ರಲ್ಲಿ ಅಲಹಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಜಾನ್ ಎಡ್ಜ್ ಮೀಮಾಂಸೆಯ ಜಾಡು ಹಿಡಿದು, ಅಂಥ ದತ್ತು ಅಸಿಂಧುವಲ್ಲ ಎಂದರು. 1899ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೂಡ ಅದನ್ನೇ ಹೇಳಿತು. ‘ಏಕೆಂದರೆ’ ಎಂದು ಕಾರಣ ಕೊಟ್ಟು ಒಲಿಸುವ ವಾಕ್ಯಕ್ಕೂ ಬರಿದೇ ಆಜ್ಞಾಪಿಸುವ ವಾಕ್ಯಕ್ಕೂ ತೂಕ ಬೇರೆ. ಮೊರದ ಅಧಿಕರಣ ಕಲಿಸಿದ್ದೂ ಇದನ್ನೇ.

ಇದೇ ಉಪಾಯವನ್ನು ಹಿಡಿದು ಕೊಡಗಿಗೆ ಬರೋಣ. ಕರ್ನಾಟಕ ಕಂಡ ಬಂದೂಕಿನ ದೊಡ್ಡ ಸಾಂವಿಧಾನಿಕ ವ್ಯಾಜ್ಯ ಅಲ್ಲಿನದು. 1857ರ ನಂತರ ದೇಶದಾದ್ಯಂತ ಜನರಿಂದ ಶಸ್ತ್ರ ಕಿತ್ತುಕೊಳ್ಳುವ ಕಾನೂನು ಬಂದಾಗ, 1861ರ ಫೆಬ್ರವರಿ 26ರಂದು ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಮಡಿಕೇರಿಯಿಂದ ಪ್ರಕಟಣೆ ಹೊರಡಿಸಿ, ಆ ಕಾನೂನು ಕೊಡಗಿನವರಿಗೆ ಅನ್ವಯಿಸದು ಎಂದರು. ಪ್ರಕಟಣೆಯ ತುಂಬ ಕೊಡಗರ ಶೌರ್ಯ, ನಿಷ್ಠೆಗಳ ಕೊಂಡಾಟ. ಸ್ವಾತಂತ್ರ್ಯಾನಂತರ 1959ರ ಕಾಯ್ದೆಯ 41ನೆಯ ಸೆಕ್ಷನ್ನಿನಡಿ ಆ ವಿನಾಯಿತಿ ಮುಂದುವರಿಯಿತು. ಫಲಾನುಭವಿಗಳು ಎರಡು ವರ್ಗ: ಕೊಡವರು ಮತ್ತು ಜಮ್ಮಾ ಹಿಡುವಳಿದಾರರು. ಸೈನಿಕ ಸೇವೆಯ ಹೊಣೆಯೊಂದಿಗೆ ಅರಸರ ಕಾಲದಲ್ಲಿ ವಂಶಪಾರಂಪರ್ಯವಾಗಿ ಬಂದ ಭೂಮಿ ಜಮ್ಮಾ. 2019ರ ಅಕ್ಟೋಬರ್ 29ರ ಅಧಿಸೂಚನೆ ಈ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಿತು. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಿಗೆ ಎರಡು ಗುಂಡು, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು, ಕೈಲ್‌ಪೊಳ್ದ್‌ನಲ್ಲಿ ತೋಕ್‌ಗೆ, ಅಂದರೆ ಕೋವಿಗೆ, ಪೂಜೆ: ಕೋವಿ ಅಲ್ಲಿ ಸಂಸ್ಕಾರದ ಭಾಗ.

ನಿವೃತ್ತ ಸೇನಾ ಕ್ಯಾಪ್ಟನ್ ಒಬ್ಬರು ಈ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಪೂರ್ವಪಕ್ಷವನ್ನು ಗಟ್ಟಿಯಾಗಿಯೇ ನಿಲ್ಲಿಸೋಣ. ಉಳಿದ ಭಾರತೀಯರಿಗೆ ಲೈಸೆನ್ಸ್ ಬೇಕು, ಒಂದು ಕುಲದಲ್ಲಿ ಹುಟ್ಟಿದವರಿಗೆ ಬೇಡ ಎಂದರೆ ಅದು ಹುಟ್ಟಿನ ಆಧಾರದ ಭೇದ. ಒಂದು ಬಗೆಯ ಭೂಮಿ ಇದ್ದವರಿಗೆ ಬೇಡ ಎಂದರೆ ಅದು ಆಸ್ತಿಯ ಆಧಾರದ ಭೇದ. ಸಾಕಷ್ಟು ಆಸ್ತಿಯಿಲ್ಲ ಎಂಬ ಕಾರಣಕ್ಕೇ ಲೈಸೆನ್ಸ್ ನಿರಾಕರಿಸುವಂತಿಲ್ಲ ಎಂದು ಇದೇ ಕಾಯ್ದೆಯ 14ನೆಯ ಸೆಕ್ಷನ್ನು ಹೇಳುತ್ತದೆ. ವಿದೇಶಿ ದೊರೆ ತನ್ನ ಅನುಕೂಲಕ್ಕೆ ಕೊಟ್ಟ ಬಹುಮಾನವನ್ನು ಗಣರಾಜ್ಯ ಯಾಕೆ ಹೊರಬೇಕು?

2021ರ ಸೆಪ್ಟೆಂಬರ್ 22ರಂದು ಹಂಗಾಮಿ ಮುಖ್ಯ ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮಾ ಮತ್ತು ನ್ಯಾಯಮೂರ್ತಿ ಸಚಿನ್ ಶಂಕರ್ ಮಗದುಂ ಅವರ ಪೀಠ ಅರ್ಜಿಯನ್ನು ವಜಾ ಮಾಡಿತು. ಕೊಡವರು ವೀರ ಪರಂಪರೆಯ ಸಮುದಾಯ, ಸ್ವಾತಂತ್ರ್ಯಪೂರ್ವದಿಂದ ಈ ವಿನಾಯಿತಿ ನಡೆದು ಬಂದಿದೆ, ಅದು ಅನಿರ್ದಿಷ್ಟ ಕಾಲದ್ದಲ್ಲ, ಹತ್ತು ವರ್ಷಕ್ಕೆ ಸೀಮಿತ, ಷರತ್ತುಗಳಿಗೆ ಬದ್ಧ ಎಂಬುವು ತೀರ್ಪಿನ ಆಧಾರಗಳು.

ಕಾಶಿಯ ಓದುಗನೊಬ್ಬ ಈ ಆಧಾರಗಳನ್ನು ಎರಡು ರಾಶಿ ಮಾಡುತ್ತಿದ್ದ. ಶೌರ್ಯದ ಮಾತು ಒಂದು ಕಡೆ. ಅದು ಕಬ್ಬನ್ನರ ಕಾಲದಿಂದ ಬಂದ ಅರ್ಥವಾದ. ಕೇಳಲು ಹಿತ, ಆದರೆ ಮೊರದ ಪ್ರಶಂಸೆ ಸೌಟನ್ನು ಒಳಗೆ ತರಲಾರದ ಹಾಗೆ, ಈ ಕೊಂಡಾಟವೊಂದೇ ವಿನಾಯಿತಿಯನ್ನು ಹೊರಲಾರದು. ಶೌರ್ಯವೇ ಕಾರಣವಾದರೆ ದೇಶದ ಇತರ ವೀರ ಸಮುದಾಯಗಳೂ ನಾಳೆ ಸಾಲು ನಿಲ್ಲಬಹುದು. ಅವಧಿ ಮತ್ತು ಷರತ್ತು ಇನ್ನೊಂದು ಕಡೆ. ಅವು ವಿಧಿಯ ಒಳಗಿನವು. ಸಾರ್ವಜನಿಕ ಹಿತದಲ್ಲಿ, ಷರತ್ತು ಹಾಕಿ ವಿನಾಯಿತಿ ಕೊಡಬಹುದು ಎಂದು 41ನೆಯ ಸೆಕ್ಷನ್ನು ನೇರವಾಗಿ ಹೇಳಿದೆ. ಕೊಡಗಿನ ಹೊರಗೆ ಹೋಗುವಾಗ ಒಂದು ರೈಫಲ್, ಅದಕ್ಕೆ 100 ಗುಂಡು, ಒಂದು ನಯನಳಿಗೆಯ ಕೋವಿ, ಅದಕ್ಕೆ 500 ತೋಟೆ ಮೀರಬಾರದು ಎಂಬಂಥ ಷರತ್ತುಗಳು ಹಳೆಯ ಅಧಿಸೂಚನೆಯಿಂದಲೇ ಬಂದವು. ತೀರ್ಪು ನಿಂತಿರುವ ಗಟ್ಟಿ ಕಾಲು ಇದು ಎಂದು ನನಗನ್ನಿಸುತ್ತದೆ.

ಇಲ್ಲಿಗೆ ಬಂದಾಗ ಮೀಮಾಂಸೆಯ ಎಲ್ಲೆಯೂ ಕಾಣುತ್ತದೆ. ಅದರ ಪಾಲಿಗೆ ವೇದ ಯಾರೂ ಬರೆದದ್ದಲ್ಲ. ಅದನ್ನು ಸರಿಯಾಗಿ ಓದಬಹುದು, ಹೊಂದಿಸಬಹುದು, ಒಂದು ಮಾತು ಆಜ್ಞೆಯಲ್ಲ ಎಂದು ತೋರಿಸಬಹುದು. ಈ ವಿಧಿ ಅನ್ಯಾಯ, ಆದ್ದರಿಂದ ರದ್ದು ಎನ್ನುವ ಅಧಿಕಾರ ಮೀಮಾಂಸಕನಿಗಿಲ್ಲ. ಆ ಅಧಿಕಾರ ಸಂವಿಧಾನ ಕೊಟ್ಟದ್ದು. ಸುಪ್ರೀಂ ಕೋರ್ಟಿನ 1952ರ ಅನ್ವರ್ ಅಲಿ ಸರ್ಕಾರ್ ತೀರ್ಪು, ಸಮಾನತೆಯನ್ನು ಹೇಳುವ ಸಂವಿಧಾನದ 14ನೆಯ ವಿಧಿಗೆ ಎರಡು ಪ್ರಶ್ನೆಗಳನ್ನು ಕಟ್ಟಿಕೊಟ್ಟಿತು: ಈ ಗುಂಪನ್ನು ಉಳಿದವರಿಂದ ಬೇರ್ಪಡಿಸುವ ವ್ಯತ್ಯಾಸ ಬುದ್ಧಿಗೆ ನಿಲುಕುವಂಥದ್ದೇ? ಆ ವ್ಯತ್ಯಾಸಕ್ಕೂ ಕಾನೂನಿನ ಉದ್ದೇಶಕ್ಕೂ ಸಂಬಂಧವಿದೆಯೇ? ಕಾಶಿಯ ಓದು ವಾಕ್ಯಕ್ಕೆ ಅರ್ಥ ಕೇಳುತ್ತದೆ. ಈ ಎರಡು ಪ್ರಶ್ನೆಗಳು ಅದಕ್ಕೆ ಸಮರ್ಥನೆ ಕೇಳುತ್ತವೆ. ಇಂದಿನ ಕಸುಬುದಾರನಿಗೆ ಎರಡೂ ಬರಬೇಕು, ಅದೂ ಆ ಕ್ರಮದಲ್ಲೇ. ಅರ್ಥ ತಿಳಿಯದ ನಿಯಮವನ್ನು ಹೊಡೆಯಲು ಹೊರಟ ಅರ್ಜಿಗಳೇ ಮೊದಲ ವಿಚಾರಣೆಯಲ್ಲಿ ಬಿದ್ದುಹೋಗುತ್ತವೆ.

2019ರ ಅಧಿಸೂಚನೆಯ ಅವಧಿ 2029ರ ಅಕ್ಟೋಬರಿನಲ್ಲಿ ಮುಗಿಯುತ್ತದೆ. ಆಗ ಯಾರೋ ಮುಂದುವರಿಸಿ ಎಂದು ಬರೆಯಬೇಕು, ಇನ್ಯಾರೋ ನಿಲ್ಲಿಸಿ ಎಂದು ಬರೆಯಬೇಕು. ಮುಂದುವರಿಸಿ ಎನ್ನುವವರು ಶೌರ್ಯದ ಮಾತನ್ನು ಪಕ್ಕಕ್ಕಿಟ್ಟರೆ ಸಾರ್ವಜನಿಕ ಹಿತದ ಬಗ್ಗೆ ತಮ್ಮಲ್ಲಿ ಏನು ಉಳಿಯುತ್ತದೆ ಎಂದು ನೋಡಿಕೊಳ್ಳಬೇಕು. ನಿಲ್ಲಿಸಿ ಎನ್ನುವವರು ಷರತ್ತುಗಳನ್ನು ಓದಿ, ಅವು ಸಾಲವು ಎಂದು ತೋರಿಸಬೇಕು. ಇಬ್ಬರೂ ತಮ್ಮ ಅರ್ಜಿಗೆ ಕೂರುವ ಮೊದಲು ಎದುರಿನವರ ಅರ್ಜಿಯನ್ನು ಪೂರ್ತಿಯಾಗಿ ಬರೆದು ನೋಡಿದರೆ, ಕೋರ್ಟಿನ ಅರ್ಧ ಕೆಲಸ ಮನೆಯಲ್ಲೇ ಮುಗಿದಿರುತ್ತದೆ.